ಮಹಾಮಾರಿ, ವಲಸೆ ಮತ್ತು ಪೌರತ್ವ

ರೋಗವು ಶರೀರಕ್ಕೆ ಮಾತ್ರ ಸಂಬಂಧಿಸಿದ್ದೆಂಬುದು ಸಾಮಾನ್ಯ ಭಾವನೆ. ಜ್ವರ ಬಂದರೆ ವೈದ್ಯರು, ಔಷಧ, ಪಥ್ಯ, ವಿಶ್ರಾಂತಿ. ಅಷ್ಟಾದರೆ ಚಿಕಿತ್ಸೆ ಮುಗಿಯಿತು. ಆದರೆ ಲೋಕವನ್ನೇ ವ್ಯಾಪಿಸುವ ಪಿಡುಗು ಶರೀರವನ್ನು ಮುಟ್ಟಿ ಅಷ್ಟಕ್ಕೇ ಬಿಡುವುದಿಲ್ಲ. ಅದು ಮನುಷ್ಯನ ಉದ್ಯೋಗವನ್ನು, ಸಂಸಾರವನ್ನು, ಸಂಚಾರವನ್ನು, ಕೊನೆಗೆ ಅವನು ಯಾವ ನಾಡಿಗೆ ಸೇರಿದವನೆಂಬ ಪ್ರಶ್ನೆಯನ್ನೂ ಕೆಣಕುತ್ತದೆ. 2019ರ ಕೊನೆಯಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡು, 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಪಿಡುಗೆಂದು ಸಾರಿದ ಕೋವಿಡ್ ರೋಗವು ಇದಕ್ಕೆ ಇತ್ತೀಚಿನ ನಿದರ್ಶನ.

ಹೊರನಾಡ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಒಂದು ತಲೆಮಾರು ಉಡುಪಿ, ಕಾರವಾರ, ಧಾರವಾಡ, ಕಲಬುರ್ಗಿಗಳಿಂದ ಹೊರಟು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಯೂರಿತು. ಆ ತಲೆಮಾರಿನ ಮಕ್ಕಳಲ್ಲಿ ಅನೇಕರು ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಿಟ್ಟು ಕಡಲು ದಾಟಿದರು. 2020 ಮತ್ತು 2021ರಲ್ಲಿ ಇಂಥ ಮನೆಗಳ ದೂರವಾಣಿಯಲ್ಲಿ ಕ್ಷೇಮಸಮಾಚಾರದ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತಿತ್ತು: “ಅಪ್ಪಾ, ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿಬಿಡಲೇ? ಇಲ್ಲ, ಎಲ್ಲ ಬಿಟ್ಟು ಅಲ್ಲಿಗೇ ಬಂದುಬಿಡಲೇ?” ಒಂದೇ ರೋಗ ಒಂದೇ ಮನಸ್ಸನ್ನು ಎರಡು ದಿಕ್ಕಿಗೆ ಎಳೆಯಿತು. ಈ ಎಳೆದಾಟದ ಕಾರಣಗಳೇನು, ಅದರಿಂದ ಕಲಿಯಬೇಕಾದುದೇನು ಎಂಬುದನ್ನು, ಭಾರತೀಯರು ಬಹುಸಂಖ್ಯೆಯಲ್ಲಿ ನೆಲೆಸಿರುವ ಅಮೆರಿಕ ದೇಶವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ರೋಗಕ್ಕೂ ಗಡಿಗೂ ಹಳೆಯ ನಂಟು

ಸಾಂಕ್ರಾಮಿಕ ರೋಗ ಬಂದಾಗ ಹೊರಗಿನವನನ್ನು ಬಾಗಿಲಲ್ಲಿಯೇ ತಡೆಯುವ ಪದ್ಧತಿ ಪುರಾತನವಾದುದು. ಮಧ್ಯಯುಗದಲ್ಲಿ ಪ್ಲೇಗಿಗೆ ಹೆದರಿದ ವೆನಿಸ್ ಮೊದಲಾದ ಬಂದರುಗಳು ಹೊರಗಿನ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದವು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಂಟಾ’ ಎನ್ನುತ್ತಾರೆ. ‘ಕ್ವಾರಂಟೈನ್’ ಎಂಬ ಶಬ್ದ ಹುಟ್ಟಿದ್ದು ಅದರಿಂದ. 1892ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ಠಾಣೆ ಆರಂಭವಾದಾಗ, ಹಡಗಿನಿಂದ ಇಳಿದವರನ್ನು ಮೊದಲು ಎದುರುಗೊಂಡವರು ವೈದ್ಯರೇ. ಸಂಶಯ ಬಂದವರ ಬಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಲಾಗುತ್ತಿತ್ತು. ಕಣ್ಣಿಗೆ ಟ್ರಕೋಮಾ ತಗುಲಿದವನು ಬಂದ ದಾರಿಯಲ್ಲಿ ಹಿಂದಿರುಗಬೇಕಾಗುತ್ತಿತ್ತು.

ಭಾರತೀಯರ ಅನುಭವವೂ ಇದಕ್ಕೆ ಹೊರತಲ್ಲ. 1910ರಿಂದ 1940ರವರೆಗೆ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ನಡೆದ ತಪಾಸಣೆಯಲ್ಲಿ, ಕೊಕ್ಕೆಹುಳುವಿನ ಸೋಂಕನ್ನು ಮುಂದಿಟ್ಟುಕೊಂಡು ಅನೇಕ ಭಾರತೀಯರಿಗೆ ಪ್ರವೇಶವನ್ನು ನಿರಾಕರಿಸಲಾಯಿತು. ಕೆಲವು ದಿನಗಳ ಔಷಧದಿಂದ ಗುಣವಾಗುವ ರೋಗವು ಜನರನ್ನು ಹೊರಗಿಡಲು ಒಂದು ನೆಪವಾಗಿ ಒದಗಿತು. ಒಳಗೆ ಬಂದವರಿಗೂ ಪೌರತ್ವ ಸುಲಭವಾಗಿರಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರು ಪೌರತ್ವಕ್ಕೆ ಅರ್ಹರಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತು. 1946ರ ಕಾನೂನಿನಿಂದ ಭಾರತೀಯರಿಗೆ ಆ ಹಕ್ಕು ದೊರೆಯಿತಾದರೂ ವಲಸೆಗೆ ನಿಗದಿಯಾದ ಸಂಖ್ಯೆ ವರ್ಷಕ್ಕೆ ಕೇವಲ 100. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನ ನಂತರ. ಆದುದರಿಂದ 2020ರಲ್ಲಿ ಕಂಡದ್ದು ತೀರ ಹೊಸದೇನಲ್ಲ. ಹಳೆಯ ಅನುಭವವೇ ವಿಮಾನದ ವೇಗದಲ್ಲಿ ಮರಳಿ ಬಂದಿತೆನ್ನಬಹುದು.

ಪೌರತ್ವದ ಮೆಟ್ಟಿಲುಗಳು

ವಲಸೆಗಾರನು ಪೌರನಾಗುವುದು ಒಂದೇ ನೆಗೆತದಲ್ಲಿ ಅಲ್ಲ. ಅಮೆರಿಕದಲ್ಲಿ ಅದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಉದ್ಯೋಗಕ್ಕಾಗಿ ಕೊಡುವ ತಾತ್ಕಾಲಿಕ ವೀಸಾ. ಕಂಪ್ಯೂಟರ್ ತಜ್ಞರು ಬಹುಮಟ್ಟಿಗೆ ಎಚ್-1ಬಿ ಎಂಬ ವರ್ಗದಲ್ಲಿ ಹೋಗುತ್ತಾರೆ. ಎರಡನೆಯದು ಗ್ರೀನ್ ಕಾರ್ಡ್ ಎಂದು ಪ್ರಸಿದ್ಧವಾದ ಕಾಯಂ ವಾಸದ ಅನುಮತಿ. ಮೂರನೆಯದು ಪೌರತ್ವ. ಗ್ರೀನ್ ಕಾರ್ಡ್ ದೊರೆತು ಸಾಮಾನ್ಯವಾಗಿ ಐದು ವರ್ಷ, ಅಮೆರಿಕದ ಪೌರರನ್ನು ಮದುವೆಯಾಗಿ ಒಟ್ಟಿಗೆ ಬಾಳುತ್ತಿರುವವರಿಗೆ ಮೂರು ವರ್ಷ ಕಳೆದ ಮೇಲೆ ಅರ್ಜಿ ಸಲ್ಲಿಸಬಹುದು. ಬೆರಳಚ್ಚು, ಸಂದರ್ಶನ, ಇಂಗ್ಲಿಷ್ ಮತ್ತು ನಾಗರಿಕ ಜ್ಞಾನದ ಪರೀಕ್ಷೆ, ಕೊನೆಗೆ ಪ್ರಮಾಣವಚನ. ಇಷ್ಟೂ ಮುಗಿದರೆ ಮಾತ್ರ ಪೌರತ್ವ.

ಇದರಲ್ಲಿ ದಿನಗಳ ಲೆಕ್ಕ ಬಹು ಮುಖ್ಯ. ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ, ವಾಸದ ಸರಣಿ ಕಡಿದಿಲ್ಲವೆಂದು ಅರ್ಜಿದಾರನೇ ರುಜುವಾತು ಮಾಡಬೇಕು. ಒಂದು ವರ್ಷ ಹೊರಗುಳಿದರೆ ಸರಣಿ ಸಾಮಾನ್ಯವಾಗಿ ಕಡಿದಂತೆಯೇ. ಕೆನಡಾದಲ್ಲಿಯೂ ಇಂಥದೇ ಲೆಕ್ಕವಿದೆ: ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದವನೇ ಅರ್ಹನು. ಮುಪ್ಪಿನ ತಂದೆತಾಯಿಯ ಶುಶ್ರೂಷೆಗೆಂದು ಭಾರತಕ್ಕೆ ಬಂದ ಮಗನೋ ಮಗಳೋ ಮಹಾಮಾರಿಯ ಕಾಲದಲ್ಲಿ ಇಲ್ಲಿಯೇ ಸಿಕ್ಕಿಬಿದ್ದಾಗ ಈ ಲೆಕ್ಕ ಎಷ್ಟು ನಿಷ್ಠುರವೆಂಬುದು ಮನೆಮಂದಿಗೆಲ್ಲ ಅರಿವಾಯಿತು. ತಾಯಿಯ ಹಾಸಿಗೆಯ ಬಳಿ ಕಳೆದ ದಿನಗಳು ಪೌರತ್ವದ ಲೆಕ್ಕದಲ್ಲಿ ಖರ್ಚಿನ ಬದಿಗೆ ಬೀಳುತ್ತಿದ್ದವು.

ಬೀಗ ಬಿದ್ದ ಕಚೇರಿಗಳು

2020ರ ಮಾರ್ಚ್ 18ರಂದು ಅಮೆರಿಕದ ವಲಸೆ ಇಲಾಖೆ ಜನರನ್ನು ಮುಖತಃ ಕಾಣುವ ಕೆಲಸಗಳನ್ನೆಲ್ಲ ನಿಲ್ಲಿಸಿತು. ಕಚೇರಿಗಳು ಹಂತ ಹಂತವಾಗಿ ತೆರೆಯತೊಡಗಿದ್ದು ಜೂನ್ 4ರಿಂದ. ನಡುವಣ ಅವಧಿಯಲ್ಲಿ ಸಂದರ್ಶನವೂ ಇಲ್ಲ, ಪ್ರಮಾಣವಚನವೂ ಇಲ್ಲ. ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಕೈಯೆತ್ತಿ ಪ್ರಮಾಣ ಮಾಡುವುದೊಂದೇ ಉಳಿದಿದ್ದವರು ಲಕ್ಷಕ್ಕೂ ಮಿಕ್ಕಿ ಇದ್ದರು. ಕೆನಡಾ ಮತ್ತು ಆಸ್ಟ್ರೇಲಿಯಾಗಳು ಕೆಲವೇ ವಾರಗಳಲ್ಲಿ ದೂರದೃಶ್ಯದ ಮೂಲಕ ಪ್ರಮಾಣವಚನ ಬೋಧಿಸತೊಡಗಿದರೂ ಅಮೆರಿಕ ಅದಕ್ಕೆ ಒಪ್ಪಲಿಲ್ಲ. ಸಾರ್ವಜನಿಕ ಸಮಾರಂಭದಲ್ಲಿಯೇ ಪ್ರಮಾಣ ಮಾಡಬೇಕೆಂಬ ಕಾನೂನನ್ನು ಅದು ಮುಂದಿಟ್ಟಿತು. ಬೇಸಗೆಯಲ್ಲಿ ಡೆಟ್ರಾಯಿಟ್ ಮೊದಲಾದ ಕಡೆ ಅರ್ಜಿದಾರರು ತಮ್ಮ ಕಾರಿನಿಂದ ಇಳಿಯದೆಯೇ, ಮುಖಕ್ಕೆ ಮುಸುಕು ಕಟ್ಟಿಕೊಂಡು, ಪ್ರಮಾಣ ಸ್ವೀಕರಿಸಿದ ದೃಶ್ಯಗಳು ಕಂಡವು.

ಅಂಕಿಗಳು ಇದನ್ನೇ ಹೇಳುತ್ತವೆ. ಅಕ್ಟೋಬರಿನಿಂದ ಸೆಪ್ಟೆಂಬರಿಗೆ ಮುಗಿಯುವ ಅಮೆರಿಕದ ಆರ್ಥಿಕ ವರ್ಷದಲ್ಲಿ, 2019ರಲ್ಲಿ 8,43,593 ಜನ ಹೊಸದಾಗಿ ಪೌರರಾದರೆ 2020ರಲ್ಲಿ ಆ ಸಂಖ್ಯೆ 6,28,254ಕ್ಕೆ ಇಳಿಯಿತು. 2021ರಲ್ಲಿ 8,13,861ಕ್ಕೆ ಏರಿ, 2022ರಲ್ಲಿ 9,69,380ನ್ನು ಮುಟ್ಟಿತು. ಆ ಕೊನೆಯ ವರ್ಷದ ಹೊಸ ಪೌರರಲ್ಲಿ 65,960 ಮಂದಿ ಭಾರತದಲ್ಲಿ ಹುಟ್ಟಿದವರು.

ಭಾರತದ ಕಡೆಯಿಂದ ನೋಡಿದರೂ ಚಿತ್ರ ಬೇರೆಯಲ್ಲ. ಭಾರತ ಸರಕಾರವು ಸಂಸತ್ತಿಗೆ ತಿಳಿಸಿದಂತೆ, ಬೇರೆ ದೇಶಗಳ ಪೌರತ್ವಕ್ಕಾಗಿ ಭಾರತೀಯ ಪೌರತ್ವ ತೊರೆದವರು 2019ರಲ್ಲಿ 1,44,017, 2020ರಲ್ಲಿ 85,256, 2021ರಲ್ಲಿ 1,63,370, 2022ರಲ್ಲಿ 2,25,620, 2023ರಲ್ಲಿ 2,16,219, 2024ರಲ್ಲಿ 2,06,378. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. 2020ರ ಇಳಿತವು ಜನರ ಮನಸ್ಸು ಬದಲಾಯಿತೆಂಬುದರ ಗುರುತಲ್ಲ. ಕಚೇರಿಯ ಬಾಗಿಲು ಮುಚ್ಚಿದ್ದರ ಗುರುತು. ಮುಂದಿನ ಏರಿಕೆಯಲ್ಲಿಯೂ ಹಿಂದೆ ಉಳಿದ ಬಾಕಿಯ ಪಾಲು ಇದ್ದೇ ಇದೆ. ಆದರೆ ಬಾಕಿ ತೀರಿದ ಮೇಲೂ, 2022ರಿಂದ ಮೂರು ವರ್ಷ ಸಂಖ್ಯೆ ಎರಡು ಲಕ್ಷದ ಕೆಳಗಿಳಿಯದಿರುವುದು ಬೇರೆ ಕಾರಣಗಳನ್ನೂ ಹುಡುಕುವಂತೆ ಮಾಡುತ್ತದೆ.

ಪೌರತ್ವದತ್ತ ಎಳೆದ ಕಾರಣಗಳು

ಮಹಾಮಾರಿಗೆ ಮೊದಲು ಅನೇಕ ಭಾರತೀಯರು ಗ್ರೀನ್ ಕಾರ್ಡಿನಿಂದಲೇ ತೃಪ್ತರಾಗಿದ್ದರು. ವಾಸಕ್ಕೆ, ಉದ್ಯೋಗಕ್ಕೆ, ಮನೆ ಕೊಳ್ಳಲಿಕ್ಕೆ ಅಷ್ಟು ಸಾಲುತ್ತಿತ್ತು. ಮತ ಹಾಕುವ ಹಕ್ಕೊಂದಕ್ಕಾಗಿ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸುವುದೇಕೆಂಬ ಭಾವನೆಯಿತ್ತು. ಆ ಲೆಕ್ಕಾಚಾರವನ್ನು ರೋಗವು ತಿರುವುಮುರುವು ಮಾಡಿತು.

ಮೊದಲನೆಯ ಕಾರಣ ಮರಳಿ ಬರುವ ಹಕ್ಕು. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಭಾರತದಲ್ಲಿ ರೋಗದ ಎರಡನೆಯ ಅಲೆ ಉಕ್ಕಿದಾಗ, ತಂದೆತಾಯಿಯ ಆಮ್ಲಜನಕಕ್ಕೆ, ಹಾಸಿಗೆಗೆ ಪರದಾಡಲೆಂದು ಎಷ್ಟೋ ಜನ ಅಮೆರಿಕದಿಂದ ಧಾವಿಸಿ ಬಂದರು. ಮೇ 4ರಿಂದ ಅಮೆರಿಕವು ಭಾರತದಿಂದ ಬರುವವರಿಗೆ ನಿರ್ಬಂಧ ಹೇರಿತು. ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ. ತಾತ್ಕಾಲಿಕ ವೀಸಾದವರಲ್ಲಿ ಹೆಚ್ಚಿನವರಿಗೆ ತಡೆ. ಆ ನಿರ್ಬಂಧ ತೆರವಾದದ್ದು ನವೆಂಬರ್ 8ರಂದು. ಅಲ್ಲಿ ಬಾಡಿಗೆಯ ಮನೆ, ಶಾಲೆಗೆ ಹೋಗುವ ಮಗು, ಇಲ್ಲಿ ಚಿತೆ ಆರದ ತಂದೆ. ನಡುವೆ ಮುಚ್ಚಿದ ರಾಯಭಾರ ಕಚೇರಿ. ಕಾಗದದಲ್ಲಿ ಒಂದು ಮೆಟ್ಟಿಲು ಕೆಳಗಿದ್ದುದರ ಬೆಲೆ ಏನೆಂಬುದು ಅಂದು ತಿಳಿಯಿತು.

ಎರಡನೆಯದು ಉದ್ಯೋಗದ ಅನಿಶ್ಚಯ. ಎಚ್-1ಬಿ ವೀಸಾದವನು ಕೆಲಸ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ದೊರೆಯುವುದು 60 ದಿನಗಳವರೆಗಿನ ಕಾಲಾವಕಾಶ. ವಿಮಾನಗಳೇ ಹಾರದ ಕಾಲದಲ್ಲಿ ಅರುವತ್ತು ದಿನಗಳೊಳಗೆ ದೇಶ ಬಿಡುವುದಾದರೂ ಎಂತು? ಮೂರನೆಯದು ಇದಕ್ಕಿಂತ ದಾರುಣ. ದುಡಿಯುವವನು ರೋಗಕ್ಕೆ ತುತ್ತಾದರೆ, ಅವನ ವೀಸಾವನ್ನು ಆಶ್ರಯಿಸಿದ್ದ ಹೆಂಡತಿ ಮಕ್ಕಳ ವಾಸದ ಹಕ್ಕೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವನೊಡನೆಯೇ ಮುಗಿಯುತ್ತದೆ. ವೈಧವ್ಯದ ದುಃಖದೊಡನೆ ಊರು ಬಿಡುವ ಗಡುವೂ ಸೇರಿಕೊಳ್ಳುತ್ತದೆ.

ನಾಲ್ಕನೆಯದು ಶುಲ್ಕದ ಮತ್ತು ನಿಯಮಗಳ ಭಯ. ಪೌರತ್ವದ ಅರ್ಜಿಯ ಶುಲ್ಕವನ್ನು 640 ಡಾಲರಿನಿಂದ 1,160 ಡಾಲರಿಗೂ ಮೇಲಕ್ಕೆ ಏರಿಸುವ ಆಜ್ಞೆ 2020ರ ಅಕ್ಟೋಬರ್ 2ರಿಂದ ಜಾರಿಯಾಗಬೇಕಿತ್ತು. ಸೆಪ್ಟೆಂಬರ್ 29ರಂದು ನ್ಯಾಯಾಲಯ ಅದನ್ನು ತಡೆಯಿತು. ನಿಯಮಗಳು ಇಂದಿನಂತೆ ನಾಳೆ ಇರಲಾರವೆಂಬ ಅಂಜಿಕೆಯೇ ಅನೇಕರನ್ನು ಅರ್ಜಿಯ ಮೇಜಿಗೆ ತಂದು ಕೂರಿಸುವಂಥದು.

ಹಿಂದಕ್ಕೆ ಎಳೆದ ಕಾರಣಗಳು

ಇಷ್ಟಾದರೂ ಎಲ್ಲರೂ ಆ ದಾರಿ ಹಿಡಿಯಲಿಲ್ಲ. ಭಾರತದ ಸಂವಿಧಾನದ 9ನೆಯ ವಿಧಿಯೂ 1955ರ ಪೌರತ್ವ ಕಾಯಿದೆಯೂ ದ್ವಿಪೌರತ್ವಕ್ಕೆ ಎಡೆಗೊಡುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರನಾದವನು ಅಂದಿನಿಂದ ಭಾರತದ ಪೌರನಲ್ಲ. ಅವನು ತನ್ನ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಇದಕ್ಕೆ ಸಮಾಧಾನವೆಂಬಂತೆ 2005ರ ತಿದ್ದುಪಡಿಯ ನಂತರ ವ್ಯಾಪಕವಾಗಿ ಜಾರಿಗೆ ಬಂದದ್ದು ಓ.ಸಿ.ಐ. ಕಾರ್ಡ್. ಹೆಸರಿನಲ್ಲಿ ‘ಸಾಗರೋತ್ತರ ಭಾರತೀಯ ಪೌರ’ ಎಂದಿದ್ದರೂ ಅದು ಪೌರತ್ವವಲ್ಲ. ವೀಸಾ ಇಲ್ಲದೆ ಆಜೀವಪರ್ಯಂತ ಬಂದುಹೋಗುವ ಸೌಲಭ್ಯ ಮಾತ್ರ. ಅದನ್ನು ಹೊಂದಿದವರಿಗೆ ಮತದಾನವಿಲ್ಲ. ಕೃಷಿಭೂಮಿಯನ್ನು, ತೋಟವನ್ನು ಹೊಸದಾಗಿ ಕೊಳ್ಳುವಂತಿಲ್ಲ. ಊರಿನ ಗದ್ದೆ, ಅಡಿಕೆ ತೋಟಗಳೊಡನೆ ಸಂಬಂಧವಿಟ್ಟುಕೊಂಡ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ.

ಮಹಾಮಾರಿ ಈ ಸೌಲಭ್ಯದ ಮಿತಿಯನ್ನು ತೋರಿಸಿಕೊಟ್ಟಿತು. 2020ರ ಮಾರ್ಚ್ 13ರಿಂದ ಭಾರತವು ವೀಸಾಗಳೊಡನೆ ಓ.ಸಿ.ಐ. ಪ್ರವೇಶವನ್ನೂ ಅಮಾನತಿನಲ್ಲಿಟ್ಟಿತು. ಮೇ 22ರಂದು ಕೆಲವು ವರ್ಗಗಳಿಗೆ ಸಡಿಲಿಕೆ ದೊರೆಯಿತು: ಭಾರತೀಯ ತಂದೆತಾಯಿಯರ ಚಿಕ್ಕ ಮಕ್ಕಳು, ಕುಟುಂಬದಲ್ಲಿ ಸಾವಿನಂಥ ಆಪತ್ತು ಒದಗಿದವರು, ಇಂಥವರು. ಎಲ್ಲ ಓ.ಸಿ.ಐ. ದಾರರಿಗೂ ದಾರಿ ತೆರೆದದ್ದು ಅಕ್ಟೋಬರಿನಲ್ಲಿ. ಜನ್ಮಕೊಟ್ಟ ಮನೆಯ ಹೊಸ್ತಿಲಲ್ಲಿ ನಿಲ್ಲಲು ಸಾವಿನ ಕಾರಣವನ್ನು ತೋರಿಸಬೇಕಾಗಿ ಬಂದದ್ದು ಅನೇಕರ ಮನಸ್ಸನ್ನು ಕಲಕಿತು. ಭಾರತೀಯ ಪಾಸ್‌ಪೋರ್ಟನ್ನು ಉಳಿಸಿಕೊಂಡವರು ಮಾಡಿದ್ದೇ ಸರಿಯೆಂದು ತೋರಿದ ಗಳಿಗೆ ಅದು.

ಹಾಗೆಂದು ಆ ಪಾಸ್‌ಪೋರ್ಟ್ ಕೂಡ ಎಲ್ಲ ಕಾಲಕ್ಕೂ ಬಾಗಿಲನ್ನು ತೆರೆಯಲಿಲ್ಲ. ಮಾರ್ಚ್ 22ರಿಂದ ಅಂತರರಾಷ್ಟ್ರೀಯ ವಿಮಾನಗಳು ಇಳಿಯುವುದು ನಿಂತಿತು. ‘ವಂದೇ ಭಾರತ್’ ಯೋಜನೆಯ ವಿಮಾನಗಳು ಆರಂಭವಾದದ್ದು ಮೇ 7ರಂದು. ದುಬೈಯಿಂದ ಮಂಗಳೂರಿಗೆ ಮೊದಲನೆಯದು ಬಂದಿಳಿದದ್ದು ಮೇ 12ರಂದು. ಅದುವರೆಗೆ ಭಾರತದ ಪೌರರೂ ಪರದೇಶದಲ್ಲಿ ಕಾಯಬೇಕಾಯಿತು.

ಸ್ವದೇಶದೊಳಗೂ ಇದೇ ಪಾಠ

ಈ ಅನುಭವ ಕಡಲಾಚೆಯವರದು ಮಾತ್ರವಲ್ಲ. ಭಾರತದಲ್ಲಿ ಇರುವುದು ಒಂದೇ ಪೌರತ್ವ. ಕರ್ನಾಟಕದವನು ಮಹಾರಾಷ್ಟ್ರದಲ್ಲಿ ಪರದೇಶಿಯಲ್ಲ. ದೇಶದ ಯಾವ ಭಾಗದಲ್ಲಿಯೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಅದನ್ನು ಯುಕ್ತವಾಗಿ ನಿರ್ಬಂಧಿಸಬಹುದೆಂದೂ ಅದೇ ವಿಧಿ ಹೇಳುತ್ತದೆ. 2020ರ ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರಕಾರ ಪ್ರಕಟಿಸಿತು. ಮುಂಬಯಿಯ ಖಾನಾವಳಿಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುತ್ತಿದ್ದ ಎಷ್ಟೋ ಕನ್ನಡಿಗರು ಆ ದಿನಗಳಲ್ಲಿ ಊರಿನ ದಾರಿಯನ್ನೇ ನೋಡುತ್ತ ಕುಳಿತರು. ರೋಗ ಹರಡುವ ಭಯವೂ ನಿಜ, ಮಗನು ಮನೆ ಸೇರಬೇಕೆಂಬ ತಾಯಿಯ ಹಂಬಲವೂ ನಿಜ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಲಕ್ಷಾಂತರ ಜನ ನಗರ ಬಿಟ್ಟು ಊರುಗಳಿಗೆ ಓಡಿದ್ದರು; ಅದರ ಹಿಂದೆಯೇ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಬಳಸಲಾಯಿತು.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯವರ ಸ್ಥಿತಿ ಇನ್ನೂ ಭಿನ್ನ. ಅಲ್ಲಿ ಸಾಮಾನ್ಯ ನೌಕರನಿಗೆ ಪೌರತ್ವದ ದಾರಿಯೇ ಇಲ್ಲವೆನ್ನಬಹುದು. ಕೆಲಸ ಹೋದರೆ ಊರೇ ಗತಿ. ಆದುದರಿಂದ ಪೌರತ್ವ ಬೇಕೇ ಬೇಡವೇ ಎಂಬ ಚಿಂತೆಯೂ ಒಂದು ರೀತಿಯಲ್ಲಿ ಭಾಗ್ಯವಂತರ ಚಿಂತೆ.

ಅನಿರೀಕ್ಷಿತವಾಗಿ ಒದಗಿದ ಲಾಭ

ಮಹಾಮಾರಿಯಿಂದ ಭಾರತೀಯರ ಸಾಲು ಸ್ವಲ್ಪ ಮುಂದೆ ಸರಿದದ್ದೂ ಉಂಟು. ಅಮೆರಿಕವು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ರ ಮಿತಿ. ಇದರಿಂದ ಭಾರತೀಯರು ದಶಕಗಟ್ಟಲೆ ಕಾಯಬೇಕಾಗಿದೆ. 2020ರಲ್ಲಿ ಪ್ರಪಂಚದ ನಾನಾ ಕಡೆ ರಾಯಭಾರ ಕಚೇರಿಗಳು ಮುಚ್ಚಿದ್ದರಿಂದ ಕುಟುಂಬ ವರ್ಗದ ವೀಸಾಗಳು ಬಹುವಾಗಿ ಉಳಿದುಹೋದವು. ಹಾಗೆ ಉಳಿದದ್ದು ಮರುವರ್ಷ ಉದ್ಯೋಗ ವರ್ಗಕ್ಕೆ ಸೇರಬೇಕೆಂಬ ನಿಯಮದಂತೆ, 2021ರ ಆರ್ಥಿಕ ವರ್ಷದಲ್ಲಿ ಆ ಸಂಖ್ಯೆ 2,62,000ಕ್ಕೆ ಏರಿತು. ದೀರ್ಘಕಾಲ ಕಾದಿದ್ದ ಅನೇಕ ಭಾರತೀಯರಿಗೆ ಇದರಿಂದ ಗ್ರೀನ್ ಕಾರ್ಡ್ ದೊರೆಯಿತು. ಆದರೆ ಕಚೇರಿಗಳ ಕೆಲಸ ನಿಧಾನವಾದ್ದರಿಂದ ಸುಮಾರು 66 ಸಾವಿರ ಬಳಕೆಯಾಗದೆ ವ್ಯರ್ಥವಾದವು. ಒಬ್ಬನ ತಂದೆಯೋ ತಂಗಿಯೋ ಬರಲಾಗದೆ ಉಳಿದ ಜಾಗ ಇನ್ನೊಬ್ಬನ ಪಾಲಾಯಿತೆಂಬುದನ್ನು ಮರೆಯಬಾರದು.

ಕಾಗದದ ಬಲ ಮತ್ತು ಮಿತಿ

ಕೆಲವು ದೇಶಗಳು ಸಂಕಟಕಾಲದಲ್ಲಿ ಔದಾರ್ಯವನ್ನು ತೋರಿದವು. ಪೋರ್ಚುಗಲ್ ದೇಶವು 2020ರ ಮಾರ್ಚಿಯಲ್ಲಿ, ವಾಸದ ಅರ್ಜಿ ಸಲ್ಲಿಸಿ ಕಾಯುತ್ತಿದ್ದ ವಲಸೆಗಾರರನ್ನು ತಾತ್ಕಾಲಿಕವಾಗಿ ಸಕ್ರಮ ನಿವಾಸಿಗಳೆಂದೇ ಪರಿಗಣಿಸಿ ಆರೋಗ್ಯ ಸೇವೆ ದೊರೆಯುವಂತೆ ಮಾಡಿತು. ಫ್ರಾನ್ಸ್ ದೇಶವು ಆಸ್ಪತ್ರೆ, ಅಂಗಡಿ, ಶುಚಿಕಾರ್ಯಗಳಲ್ಲಿ ಮುಂಚೂಣಿಯಲ್ಲಿ ದುಡಿದ ವಲಸೆಗಾರರ ಪೌರತ್ವದ ಅರ್ಜಿಗಳನ್ನು ಶೀಘ್ರವಾಗಿ ಇತ್ಯರ್ಥಪಡಿಸಿತು. ಒಂದು ವರ್ಷದಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಹೀಗೆ ಪೌರರಾದರು. ಬ್ರಿಟನ್ನಿನಲ್ಲಿ ಸೇವೆಯಲ್ಲಿದ್ದಾಗ ಕೋವಿಡ್‌ನಿಂದ ಮಡಿದ ವಿದೇಶೀ ಆರೋಗ್ಯ ಸಿಬ್ಬಂದಿಯ ಕುಟುಂಬಗಳಿಗೆ ಕಾಯಂ ವಾಸದ ಹಕ್ಕನ್ನು ಕೊಡಲಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನ ಆಸ್ಟ್ರೇಲಿಯಾದ್ದು. 2020ರ ಮಾರ್ಚಿಯಿಂದ 2021ರ ನವೆಂಬರ್ ಆರಂಭದವರೆಗೆ ಅಲ್ಲಿಯ ಪೌರರೂ ವಿಶೇಷ ಅನುಮತಿ ಇಲ್ಲದೆ ದೇಶದ ಹೊರಗೆ ಹೋಗುವಂತಿರಲಿಲ್ಲ. 2021ರ ಮೇ 3ರಿಂದ 15ರವರೆಗೆ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವನು ಆಸ್ಟ್ರೇಲಿಯಾದ ಪೌರನೇ ಆಗಿದ್ದರೂ ಒಳಗೆ ಬರುವುದು ಅಪರಾಧವಾಗಿತ್ತು. ಐದು ವರ್ಷಗಳವರೆಗಿನ ಸೆರೆವಾಸ ಅಥವಾ ಭಾರಿ ದಂಡಕ್ಕೆ ಕಾನೂನಿನಲ್ಲಿ ಅವಕಾಶವಿತ್ತು. ಭಾರತವನ್ನು ಬಿಟ್ಟುಕೊಟ್ಟು ಆ ದೇಶದ ಪಾಸ್‌ಪೋರ್ಟ್ ಪಡೆದವರಿಗೆ ಆ ಹದಿಮೂರು ದಿನಗಳಲ್ಲಿ ಅತ್ತ ದರಿ, ಇತ್ತ ಹುಲಿ.

ಇದರಿಂದ ತಿಳಿಯುವುದಿಷ್ಟು: ಪೌರತ್ವದ ತಿರುಳು ಮರಳಿ ಬಂದು ಸೇರುವ ಹಕ್ಕು. ಆಪತ್ಕಾಲದಲ್ಲಿ ಅದು ಉಳಿದ ಕಾಗದಗಳಿಗಿಂತ ಬಲವಾದುದು; ಆದರೆ ವಜ್ರಕವಚವಲ್ಲ. ತಂದೆತಾಯಿ ಒಂದು ದೇಶದಲ್ಲಿ, ಮಕ್ಕಳು ಇನ್ನೊಂದು ದೇಶದಲ್ಲಿ ಇರುವವನಿಗೆ ಎರಡೂ ಬಾಗಿಲನ್ನು ತೆರೆಯಬಲ್ಲ ಒಂದೇ ಕೀಲಿಕೈ ಇಲ್ಲ. ಯಾವುದನ್ನು ಆರಿಸಿಕೊಂಡರೂ ಇನ್ನೊಂದು ಕಡೆ ಕಾಯಬೇಕಾದೀತೆಂಬುದನ್ನು ಒಪ್ಪಿಕೊಂಡೇ ಆರಿಸಬೇಕು.

ಆರೋಗ್ಯದೃಷ್ಟಿಯಿಂದ ಕೆಲವು ಸೂಚನೆಗಳು

ಮೊದಲನೆಯದಾಗಿ, ಭಯದ ಭರದಲ್ಲಿ ಪೌರತ್ವದ ನಿರ್ಧಾರ ಕೈಗೊಳ್ಳಬಾರದು. ನಿದ್ರೆಗೆಟ್ಟ, ದುಃಖದಲ್ಲಿ ಮುಳುಗಿದ ಮನಸ್ಸಿಗೆ ಎದುರಿನ ಅಪಾಯವೊಂದೇ ಬೆಟ್ಟವಾಗಿ ಕಾಣುತ್ತದೆ. ಜ್ವರ ಇಳಿದ ಮೇಲೆ ತೂಕ ನೋಡುವಂತೆ, ಸಂಕಟ ಕಳೆದ ಮೇಲೆ ಮನೆಯವರೆಲ್ಲ ಕೂಡಿ ವಿಚಾರ ಮಾಡುವುದು ಒಳಿತು.

ಎರಡನೆಯದಾಗಿ, ಕಾನೂನಿಗೆ ಹೆದರಿ ರೋಗವನ್ನು ಮುಚ್ಚಿಡಬಾರದು. 2020ರ ಫೆಬ್ರವರಿ 24ರಂದು ಅಮೆರಿಕದಲ್ಲಿ ಜಾರಿಯಾದ ನಿಯಮವೊಂದು, ಸರಕಾರಿ ನೆರವನ್ನು ಪಡೆದವರ ಗ್ರೀನ್ ಕಾರ್ಡ್ ಅರ್ಜಿಗೆ ಅದು ಕುಂದಾಗಬಹುದೆಂದಿತು. ಕೋವಿಡ್ ಪರೀಕ್ಷೆ, ಚಿಕಿತ್ಸೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮಾರ್ಚ್ 13ರಂದೇ ಇಲಾಖೆ ಸ್ಪಷ್ಟಪಡಿಸಿದರೂ ವಲಸೆಗಾರರ ಅಂಜಿಕೆ ಬೇಗ ಹೋಗಲಿಲ್ಲ. 2021ರ ಮಾರ್ಚಿಯಲ್ಲಿ ಆ ನಿಯಮವೇ ರದ್ದಾಯಿತು. ಚಿಕಿತ್ಸೆಗೆ ತಡಮಾಡಿದವನು ಪೌರತ್ವಕ್ಕಿಂತ ದೊಡ್ಡದನ್ನೇ ಕಳೆದುಕೊಳ್ಳಬಹುದು.

ಮೂರನೆಯದಾಗಿ, ಲಸಿಕೆಯ ದಾಖಲೆಗಳನ್ನು ಜೋಪಾನವಾಗಿಡಬೇಕು. ಭಾರತದ ಕೊವ್ಯಾಕ್ಸಿನ್ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತದ್ದು 2021ರ ನವೆಂಬರ್ 3ರಂದು. ಅದುವರೆಗೆ ಆ ಲಸಿಕೆ ಹಾಕಿಸಿಕೊಂಡ ಹಿರಿಯರಿಗೆ ಹಲವು ದೇಶಗಳ ಪ್ರಯಾಣ ತೊಡಕಾಗಿತ್ತು. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ ದಡಾರ, ಧನುರ್ವಾಯು ಮೊದಲಾದ ರೋಗಗಳ ಲಸಿಕೆಯ ವಿವರವನ್ನು ಕೇಳುತ್ತಾರೆ. ಬಾಲ್ಯದ ಲಸಿಕೆಯ ಚೀಟಿ ಮುಂಬಯಿಯ ಹಳೆಯ ಪೆಟ್ಟಿಗೆಯಲ್ಲಿದ್ದರೆ ಅದನ್ನು ಎಸೆಯದಿರುವುದು ಲೇಸು.

ನಾಲ್ಕನೆಯದಾಗಿ, ಒಂಟಿಯಾಗಿ ಇರುವ ಹಿರಿಯರ ವ್ಯವಸ್ಥೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿರುವವರು ತಮ್ಮ ಚಿಕಿತ್ಸೆಯ ಸಾರಾಂಶವನ್ನು, ಔಷಧಗಳ ಮೂಲ ಹೆಸರು ಮತ್ತು ಪ್ರಮಾಣವನ್ನು ಒಂದು ಹಾಳೆಯಲ್ಲಿ ಬರೆಸಿ, ಒಂದು ಪ್ರತಿಯನ್ನು ಮಕ್ಕಳಿಗೆ, ಇನ್ನೊಂದನ್ನು ಹತ್ತಿರದ ಆಪ್ತರಿಗೆ ಕೊಟ್ಟಿರಬೇಕು. ಕೆಲವು ವಾರಗಳಿಗೆ ಸಾಲುವಷ್ಟು ಔಷಧ ಮನೆಯಲ್ಲಿರಬೇಕು. ಮಕ್ಕಳಿರುವಲ್ಲಿಗೆ ಹೋಗುವಾಗ ಮಾಡಿಸುವ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳನ್ನು ಅನೇಕ ವೇಳೆ ಹೊರಗಿಟ್ಟಿರುತ್ತಾರೆ. ಸಹಿಗೆ ಮುಂಚೆ ಅದನ್ನು ಓದಿ ನೋಡಬೇಕು. ಆಸ್ಪತ್ರೆಯಲ್ಲಿ ನಿರ್ಧಾರ ತೆಗೆದುಕೊಳ್ಳಬಲ್ಲ ಒಬ್ಬರು ಊರಲ್ಲೇ ಇರಬೇಕು. ಮಗನ ಪಾಸ್‌ಪೋರ್ಟ್ ಯಾವ ಬಣ್ಣದ್ದಾದರೂ, ಮಧ್ಯರಾತ್ರಿ ಎದೆನೋವು ಬಂದಾಗ ಮೊದಲು ಬರಬಲ್ಲವರು ಪಕ್ಕದ ಮನೆಯವರು, ಸಂಘದ ಸ್ನೇಹಿತರು.

ಐದನೆಯದಾಗಿ, ಹೊರಗಿರುವ ಮಕ್ಕಳು ತಾವು ಯಾವ ದೇಶದಲ್ಲಿ ಎಷ್ಟು ದಿನ ಇದ್ದೇವೆಂಬ ಲೆಕ್ಕವನ್ನು ಬರೆದಿಡಬೇಕು. ತಂದೆತಾಯಿಯ ಕಾಯಿಲೆಗಾಗಿ ದೀರ್ಘಕಾಲ ಬರುವುದಾದರೆ, ಹೊರಡುವ ಮುಂಚೆಯೇ ತಿಳಿದವರ ಸಲಹೆ ಪಡೆಯಬೇಕು. ಗ್ರೀನ್ ಕಾರ್ಡ್ ಉಳ್ಳವರು ಒಂದು ವರ್ಷಕ್ಕೂ ಮಿಕ್ಕಿ ಹೊರಗಿರಬೇಕಾದರೆ ಮರುಪ್ರವೇಶದ ಅನುಮತಿಯನ್ನು ಮೊದಲೇ ಅಲ್ಲಿದ್ದಾಗಲೇ ಕೇಳಿಕೊಳ್ಳಬೇಕಾಗುತ್ತದೆ.

ಉಪಸಂಹಾರ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಬಾಗಿಲುಗಳು ಮತ್ತೆ ತೆರೆದಿವೆ. ಬೇಸಗೆಯ ರಜೆಗೆ ಮೊಮ್ಮಕ್ಕಳು ಬಂದುಹೋಗುತ್ತಿದ್ದಾರೆ. ಆದರೆ ಇನ್ನೊಂದು ಪಿಡುಗು ಬರಲಾರದೆಂದು ಯಾವ ವೈದ್ಯನೂ ಮಾತು ಕೊಡಲಾರ. ಅದು ಬಂದಾಗ ಗಡಿಗಳು ಮತ್ತೆ ಮುಚ್ಚಬಹುದು.

ಮಗನೋ ಮಗಳೋ ಪರದೇಶದ ಪೌರತ್ವ ಪಡೆದರೆಂದು ಹೆತ್ತವರು ನೊಂದುಕೊಳ್ಳಬೇಕಾಗಿಲ್ಲ. ಪಡೆಯಲಿಲ್ಲವೆಂದು ಮಕ್ಕಳು ಅಳುಕಬೇಕಾಗಿಯೂ ಇಲ್ಲ. ಎರಡರ ಲಾಭನಷ್ಟಗಳನ್ನೂ 2020ರಿಂದ 2022ರವರೆಗಿನ ವರ್ಷಗಳು ತೆರೆದು ತೋರಿಸಿವೆ. ಯಾರು ಎಲ್ಲಿಯ ಪೌರರಾಗಬೇಕೆಂಬುದನ್ನು ಬಾಳಿನ ದೀರ್ಘ ಲೆಕ್ಕ ನಿರ್ಧರಿಸಲಿ, ಒಂದು ರೋಗದ ಭಯ ನಿರ್ಧರಿಸದಿರಲಿ. ಬಾಗಿಲು ಮುಚ್ಚಿದ ದಿನ ಯಾರು ಯಾರನ್ನು ನೋಡಿಕೊಳ್ಳಬೇಕೆಂಬುದನ್ನು ಮಾತ್ರ, ಬಾಗಿಲು ತೆರೆದಿರುವ ಈ ದಿನಗಳಲ್ಲಿಯೇ ಪ್ರತಿಯೊಂದು ಮನೆಯೂ ಕುಳಿತು ಮಾತಾಡಿಕೊಳ್ಳಬೇಕು.